ಎಂಟು ಮೀಟರಿನ ಹಡಗು ನದಿಯಲ್ಲಿ ಎಷ್ಟು ಮೀಟರ್?

ಕೋಕಿಂಗ್ ಕಲ್ಲಿದ್ದಲು ತುಂಬಿಕೊಂಡು ಬರುವ ಪನಾಮ್ಯಾಕ್ಸ್ ಹಡಗು (ಪನಾಮಾ ಕಾಲುವೆಯಲ್ಲಿ ಹಿಡಿಸುವಂತೆ ಅಳತೆ ಇಟ್ಟು ಕಟ್ಟಿದ ದೊಡ್ಡ ಹಡಗು) ಸಾಮಾನ್ಯವಾಗಿ ನೇರವಾಗಿ ಹಲ್ದಿಯಾಕ್ಕೆ ಹೋಗುವುದಿಲ್ಲ. ಮೊದಲು ವಿಶಾಖಪಟ್ಟಣದಲ್ಲೋ ಪಾರಾದೀಪದಲ್ಲೋ ಒಂದಷ್ಟು ಸರಕು ಇಳಿಸಿ, ಹಗುರಾಗಿ, ಆಮೇಲೆ ಹೂಗ್ಲಿ ನದಿಯ ಬಾಯಿಗೆ ಬರುತ್ತದೆ. ದೇಶದ ಪ್ರಮುಖ ಬಂದರುಗಳಲ್ಲಿ ನದಿಯೊಳಗೆ ಇರುವುದು ಕೋಲ್ಕತ್ತಾ ಬಂದರು ಒಂದೇ. ಕೋಲ್ಕತ್ತಾದ ಡಾಕ್‌ಗಳೂ 1977ರಲ್ಲಿ ಶುರುವಾದ ಹಲ್ದಿಯಾವೂ ಅದರ ಎರಡು ಭಾಗಗಳು. ಸಮುದ್ರದ ಕಡೆಯ ಸ್ಯಾಂಡ್‌ಹೆಡ್ಸ್‌ನಿಂದ ಕೋಲ್ಕತ್ತಾ ಡಾಕ್‌ವರೆಗಿನ ದಾರಿ 200 ಕಿ.ಮೀ.ಗೂ ಹೆಚ್ಚು. ಈ ದಾರಿಯಲ್ಲಿ ಹಡಗಿನ ಉದ್ದ, ಎಂಜಿನ್ನಿನ ಶಕ್ತಿ ಎಲ್ಲ ಆಮೇಲಿನ ಮಾತು. ಮೊದಲು ಕೇಳುವುದು ಡ್ರಾಫ್ಟ್, ಅಂದರೆ ನೀರಿನ ಮಟ್ಟದಿಂದ ಹಡಗಿನ ತಳದವರೆಗಿನ ಆಳ.

ಬಂದರಿನವರು ಇಂಥ ದಿನಕ್ಕೆ ಇಷ್ಟು ಡ್ರಾಫ್ಟ್ ಎಂದು ಮುಂಚಿತವಾಗಿ ತಿಳಿಸುತ್ತಾರೆ. ಹಡಗಿನಿಂದ ‘8.00 ಮೀಟರ್’ ಎಂದು ಉತ್ತರ ಹೋಗುತ್ತದೆ. ಗೊಂದಲ ಶುರುವಾಗುವುದು ಇಲ್ಲೇ. ಯಾವ ನೀರಿನಲ್ಲಿ ಎಂಟು? ನಿಂತಾಗಲೋ, ಓಡುವಾಗಲೋ?

ಸಮುದ್ರದ ನೀರಿನ ಸಾಂದ್ರತೆ ಒಂದು ಘನ ಮೀಟರಿಗೆ 1025 ಕಿಲೋ, ಸಿಹಿನೀರಿನದು 1000. ಹಡಗು ತನ್ನ ತೂಕದಷ್ಟೇ ನೀರನ್ನು ಸರಿಸಿ ತೇಲಬೇಕು. ನೀರು ಹಗುರಾದರೆ ಹೆಚ್ಚು ನೀರನ್ನು ಸರಿಸಬೇಕು, ಅಂದರೆ ಇನ್ನಷ್ಟು ಮುಳುಗಬೇಕು. ಎಷ್ಟು ಎಂಬುದಕ್ಕೆ ಸೂತ್ರ ಸರಳ: ಹಡಗಿನ ಒಟ್ಟು ತೂಕವನ್ನು (ಟನ್‌ಗಳಲ್ಲಿ) ಟಿಪಿಸಿಯ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಉತ್ತರ ಮಿಲಿಮೀಟರ್‌ಗಳಲ್ಲಿ ಬರುತ್ತದೆ. ಟಿಪಿಸಿ ಎಂದರೆ ಹಡಗನ್ನು ಒಂದು ಸೆಂಟಿಮೀಟರ್ ಮುಳುಗಿಸಲು ಬೇಕಾದ ಟನ್‌ಗಳು. ನಮ್ಮ ಉದಾಹರಣೆಯ ಹಡಗಿನ ತೂಕ 48,000 ಟನ್, ಟಿಪಿಸಿ 64 ಎಂದಿಟ್ಟುಕೊಳ್ಳಿ. 48,000 ÷ 256 = 187.5 ಮಿ.ಮೀ. ಪೂರ್ತಿ ಸಿಹಿನೀರಿಗೆ ಬಂದರೆ ಹತ್ತೊಂಬತ್ತು ಸೆಂಟಿಮೀಟರ್ ಇಳಿಯುತ್ತದೆ. ಇದನ್ನು ಮೊದಲೇ ಎಣಿಸಿ ಹಿಂದಿನ ಬಂದರಿನಲ್ಲಿ ಸರಿಮಾಡಿಕೊಳ್ಳಬೇಕೆಂದರೆ 1,200 ಟನ್ ಕಲ್ಲಿದ್ದಲು ಹೆಚ್ಚಿಗೆ ಇಳಿಸಬೇಕು. ಸಣ್ಣ ಲೆಕ್ಕವಲ್ಲ ಇದು.

ನದಿಯ ಬಾಯಲ್ಲಿ ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಸಾಂದ್ರತೆ 1005 ಇದ್ದರೆ ಇಪ್ಪತ್ತೈದರಲ್ಲಿ ಇಪ್ಪತ್ತು ಪಾಲು, ಅಂದರೆ 150 ಮಿ.ಮೀ. ಮಳೆಗಾಲದಲ್ಲಿ ಹಲ್ದಿಯಾ ಬಳಿಯೂ ನೀರು ಬಹುಪಾಲು ಸಿಹಿ. ಏಪ್ರಿಲ್-ಮೇನಲ್ಲಿ ಉಪ್ಪು ಏರುತ್ತದೆ. ಹೋದ ಸಲದ ಅಂಕಿಯನ್ನು ಈ ಸಲಕ್ಕೆ ಬರೆದುಕೊಳ್ಳುವ ಅಭ್ಯಾಸ ಕೆಲವು ಚೀಫ್ ಆಫೀಸರ್‌ಗಳಿಗಿದೆ. ಆರು ತಿಂಗಳ ಅಂತರದಲ್ಲಿ ಅದು ಸುಳ್ಳಾಗುತ್ತದೆ.

ಅಳೆಯುವುದರಲ್ಲೂ ತಪ್ಪುವ ಜಾಗಗಳಿವೆ. ಬಕೆಟ್ ಇಳಿಬಿಟ್ಟು ಮೇಲಿನ ನೀರನ್ನಷ್ಟೇ ಎತ್ತಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಸಿದರೆ ಸಾಲದು. ಭರತದ, ಅಂದರೆ ಸಮುದ್ರದ ಉಬ್ಬರದ, ಹೊತ್ತಿನಲ್ಲಿ ಭಾರದ ಉಪ್ಪುನೀರು ತಳದಲ್ಲಿ ನುಗ್ಗುತ್ತದೆ, ಹಗುರ ಸಿಹಿನೀರು ಮೇಲೆ ಹರಿಯುತ್ತಿರುತ್ತದೆ. ಹಾಗಾಗಿ ಮಾದರಿಯನ್ನು ಡ್ರಾಫ್ಟಿನ ಅರ್ಧ ಆಳದಿಂದ, ಹಡಗಿನ ಎರಡು ಮೂರು ಕಡೆ ತೆಗೆಯಬೇಕು. ಎಂಜಿನ್ ರೂಮಿನ ನೀರು ಹೊರಬೀಳುವ ಪೈಪಿನ ಹತ್ತಿರ ತೆಗೆಯಲೇಬಾರದು. ಹಡಗು ಲಾಕ್ ಗೇಟ್ (ಡಾಕಿನ ನೀರನ್ನು ನದಿಯಿಂದ ಬೇರೆಯಾಗಿ ಹಿಡಿದಿಡುವ ಬಾಗಿಲು) ದಾಟಿ ಡಾಕ್ ಒಳಗೆ ಬಂದ ಮೇಲೆ ಮತ್ತೆ ಅಳೆಯಬೇಕು, ಏಕೆಂದರೆ ಒಳಗೆ ಹಿಡಿದಿಟ್ಟ ನೀರು ಹೊರಗಿನ ನದಿಯಂತೆಯೇ ಇರಬೇಕೆಂದಿಲ್ಲ.

ಡ್ರಾಫ್ಟ್ ಓದುವುದೂ ಒಂದು ಕಸುಬುಗಾರಿಕೆ. ಹಡಗಿನ ಪಕ್ಕದಲ್ಲಿ ಬರೆದ ಅಂಕಿಗಳ ಎತ್ತರ ಹತ್ತು ಸೆಂಟಿಮೀಟರ್, ನಡುವಿನ ಖಾಲಿ ಜಾಗವೂ ಹತ್ತೇ. ಅಂಕಿಯ ಕೆಳಅಂಚು ಆ ಅಳತೆ: ನೀರು 8.2ರ ಅಂಕಿಯ ಮೇಲಂಚನ್ನು ಮುಟ್ಟುತ್ತಿದ್ದರೆ ಡ್ರಾಫ್ಟ್ 8.30. ಮುಂದೆ, ನಡುವೆ, ಹಿಂದೆ, ಎರಡೂ ಪಕ್ಕ, ಒಟ್ಟು ಆರು ಕಡೆ ಓದಬೇಕು. ಮುಂದಿನ ಮತ್ತು ಹಿಂದಿನ ಸರಾಸರಿಯನ್ನಷ್ಟೇ ನಂಬಿದರೆ ನಡು ಜೋತುಬಿದ್ದಿರುವುದು ಕಾಣುವುದಿಲ್ಲ. ನದಿಯ ತಳಕ್ಕೆ ಮೊದಲು ತಾಗುವುದು ಜೋತುಬಿದ್ದ ಆ ನಡುವೇ.

ವಾಲುವಿಕೆ ಇನ್ನೂ ಮೋಸದ್ದು. 32 ಮೀಟರ್ ಅಗಲದ ಹಡಗು ಒಂದೇ ಒಂದು ಡಿಗ್ರಿ ವಾಲಿದರೂ ಕೆಳಗಾದ ಬದಿಯ ಮೂಲೆ 28 ಸೆಂಟಿಮೀಟರ್ ಹೆಚ್ಚು ಆಳಕ್ಕೆ ಹೋಗುತ್ತದೆ. ಡೆಕ್ ಮೇಲೆ ನಿಂತವರಿಗೆ ಒಂದು ಡಿಗ್ರಿ ಗೊತ್ತೂ ಆಗುವುದಿಲ್ಲ. ಸಿಹಿನೀರಿನ ಲೆಕ್ಕವನ್ನು ಮಿಲಿಮೀಟರ್‌ವರೆಗೆ ಮಾಡಿ, ಬ್ಯಾಲಾಸ್ಟ್ ಟ್ಯಾಂಕಿನ (ಹಡಗಿನ ಸಮತೋಲಕ್ಕೆ ನೀರು ತುಂಬುವ ತೊಟ್ಟಿ) ಎಡ-ಬಲ ಸರಿದೂಗಿಸದೆ ಬಿಟ್ಟರೆ ಮಾಡಿದ ಲೆಕ್ಕವೆಲ್ಲ ವ್ಯರ್ಥ.

ಇದೆಲ್ಲ ನಿಂತ ಹಡಗಿನ ಮಾತು. ಓಡುವ ಹಡಗು ಆಳವಿಲ್ಲದ ನೀರಿನಲ್ಲಿ ಇನ್ನಷ್ಟು ಕೂರುತ್ತದೆ. ತಳಕ್ಕೂ ನೆಲಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹಿಂದೆ ಸರಿಯಬೇಕಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಹಡಗು ಕೆಳಕ್ಕೆ ಸೆಳೆಯಲ್ಪಡುತ್ತದೆ. ಇದಕ್ಕೆ ಸ್ಕ್ವಾಟ್ ಎನ್ನುತ್ತಾರೆ. ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಬಳಸುವ ಅಂದಾಜು ಸೂತ್ರ: ಹಡಗಿನ ಬ್ಲಾಕ್ ಗುಣಾಂಕವನ್ನು (ನೀರಿನೊಳಗಿನ ಮೈ ಎಷ್ಟರಮಟ್ಟಿಗೆ ಪೆಟ್ಟಿಗೆಯಂತಿದೆ ಎಂಬ ಅಳತೆ) ನಾಟ್‌ಗಳಲ್ಲಿ ಅಳೆದ ವೇಗದ ವರ್ಗದಿಂದ ಗುಣಿಸಿ ನೂರರಿಂದ ಭಾಗಿಸುವುದು, ಉತ್ತರ ಮೀಟರ್‌ಗಳಲ್ಲಿ. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ. ಗುಣಾಂಕ 0.82 ಇರುವ ಹಡಗು 6 ನಾಟ್‌ನಲ್ಲಿ 30 ಸೆಂ.ಮೀ., 8 ನಾಟ್‌ನಲ್ಲಿ 52, 10 ನಾಟ್‌ನಲ್ಲಿ 82 ಸೆಂ.ಮೀ. ಕೂರುತ್ತದೆ. ದಡಗಳು ಹತ್ತಿರವಿರುವ ಇಕ್ಕಟ್ಟಾದ ಕಾಲುವೆಯಲ್ಲಿ ಇದರ ಎರಡರಷ್ಟು ಹಿಡಿಯಬೇಕು. ಕಲ್ಲಿದ್ದಲು, ಎಣ್ಣೆ ಸಾಗಿಸುವ ದಪ್ಪ ಮೈಯ ಹಡಗುಗಳು ಮೂತಿಯ ಕಡೆಯೇ ಹೆಚ್ಚು ಇಳಿಯುತ್ತವೆ.

ಇಲ್ಲಿ ವೇಗ ಎಂದರೆ ನೀರಿನ ಮೇಲಿನ ವೇಗ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ. ಮೂರು ನಾಟ್ ಭರತದ ಜೊತೆ ಸಾಗುತ್ತಿರುವಾಗ ಜಿಪಿಎಸ್ 11 ತೋರಿಸಿದರೆ ಸ್ಕ್ವಾಟಿಗೆ ಲೆಕ್ಕ 8. ಪ್ರವಾಹಕ್ಕೆ ಎದುರಾಗಿ ಇಳಿಯುವಾಗ ಇದೇ ತಿರುಗುಬಾಣ: ಪರದೆಯ ಮೇಲೆ 5 ಎಂದು ನೆಮ್ಮದಿಯಾಗಿದ್ದರೆ ಹಡಗು ನಿಜವಾಗಿ 8ರ ಸ್ಕ್ವಾಟ್ ಅನುಭವಿಸುತ್ತಿರುತ್ತದೆ. ತಳ ಹತ್ತಿರ ಬಂದಾಗ ಮೈ ನಡುಗುತ್ತದೆ, ವೇಗ ತಾನಾಗಿ ಕುಸಿಯುತ್ತದೆ, ಚುಕ್ಕಾಣಿ ತಡವಾಗಿ ಕೇಳುತ್ತದೆ. ಹಿಂದೆ ನೀರು ಕೆಸರಾಗುವುದನ್ನು ನೋಡಿ ಎಂದೂ ಪಠ್ಯಗಳಲ್ಲಿ ಬರೆದಿರುತ್ತಾರೆ. ಹೂಗ್ಲಿಯಲ್ಲಿ ನೀರು ಕೆಸರಾಗಿರದ ದಿನ ಯಾವುದು?

ಈಗ ಕೂಡಿಸೋಣ. ಸಮುದ್ರದಲ್ಲಿ 8.00, ನೀರಿನ ಸಾಂದ್ರತೆಗೆ 0.15, ಎಂಟು ನಾಟ್ ಸ್ಕ್ವಾಟಿಗೆ 0.52. ಒಟ್ಟು 8.67. ತಳದ ಕೆಳಗೆ ಅರ್ಧ ಮೀಟರ್ ಬಿಡುವು ಬೇಕೆಂದರೆ 9.17. ನಕ್ಷೆಯಲ್ಲಿ 5 ಮೀಟರ್ ಆಳ ಇರುವ ಮರಳದಿಬ್ಬವೊಂದನ್ನು ದಾಟಲು 4.17 ಮೀಟರ್ ಭರತ ಬೇಕಾಯಿತು. ವೇಗವನ್ನು ಆರು ನಾಟ್‌ಗೆ ಇಳಿಸಿದರೆ 3.95 ಸಾಕು. ಇಪ್ಪತ್ತೆರಡು ಸೆಂಟಿಮೀಟರ್ ಪುಕ್ಕಟೆಯಾಗಿ ಸಿಕ್ಕಿತು, ಆದರೆ ಮುಂದಿನ ದಿಬ್ಬಕ್ಕೆ ತಡವಾಗಿ ತಲುಪುತ್ತೀರಿ. ನದಿಯಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್‌ನ ಜಾಣತನವೆಲ್ಲ ಈ ಕೊಡು-ಕೊಳ್ಳುವಿಕೆಯಲ್ಲಿದೆ.

ಹೂಗ್ಲಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ-ಇಳಿತದ ಅಂತರ ನಾಲ್ಕೈದು ಮೀಟರ್ ಮುಟ್ಟುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಕುಗ್ಗುತ್ತದೆ. ಹೆಚ್ಚು ಡ್ರಾಫ್ಟಿನ ಹಡಗು ಆ ದೊಡ್ಡ ಭರತಗಳನ್ನು ತಪ್ಪಿಸಿಕೊಂಡರೆ ದಿನದಿಂದ ದಿನಕ್ಕೆ ನೀರು ಕಮ್ಮಿಯಾಗುತ್ತ ಹೋಗಿ, ಮುಂದಿನ ಪಕ್ಷದವರೆಗೆ ಲಂಗರಿನಲ್ಲೇ ಇರಬೇಕಾದೀತು. ಹಡಗಿನ ಅಡುಗೆಮನೆಯಲ್ಲಿ ತರಕಾರಿ ಮುಗಿಯುವುದು, ಸಿಬ್ಬಂದಿ ಬದಲಾವಣೆ ಮುಂದೆ ಹೋಗುವುದು ಆಗಲೇ.

ಒಳಬರುವ ಹಡಗಿಗಿಂತ ಸರಕು ತುಂಬಿ ಹೊರಹೋಗುವ ಹಡಗಿಗೆ ಕಷ್ಟ ಹೆಚ್ಚು. ಭರತ ಎಂಬುದು ನದಿಯ ಬಾಯಿಂದ ಮೇಲಕ್ಕೆ ಸಾಗುವ ಅಲೆ. ಒಳಬರುವ ಹಡಗು ಆ ಅಲೆಯ ಜೊತೆಗೇ ಸಾಗುವುದರಿಂದ ಒಂದರ ಹಿಂದೊಂದು ದಿಬ್ಬದ ಮೇಲೆ ಏರುನೀರು ಸಿಗುತ್ತಲೇ ಹೋಗುತ್ತದೆ. ಕೆಳಗಿಳಿಯುವ ಹಡಗು ಅಲೆಯನ್ನು ಎದುರುಗೊಂಡು ದಾಟಿಬಿಡುತ್ತದೆ. ಅದಕ್ಕೆ ತುಂಬುನೀರು ಸಿಗುವುದು ಕೊಂಚ ಹೊತ್ತು ಮಾತ್ರ. ಆದ್ದರಿಂದ ಮೇಲೆ ಇನ್ನೂ ನೀರು ಏರುತ್ತಿರುವಾಗಲೇ ಹೊರಡಬೇಕು. ಒಂದೇ ಭರತದಲ್ಲಿ ಸಮುದ್ರ ಮುಟ್ಟಲಾಗದಿದ್ದರೆ ಡೈಮಂಡ್ ಹಾರ್ಬರ್ ಅಥವಾ ಕುಲ್ಪಿ ಬಳಿ ಲಂಗರು ಹಾಕಿ ಮುಂದಿನದಕ್ಕೆ ಕಾಯಬೇಕು. ಜರ್ಮನಿಯ ಎಲ್ಬ್ ನದಿಯ ಹ್ಯಾಂಬರ್ಗ್‌ನಲ್ಲೂ ಲೆಕ್ಕ ಇದೇ.

ದಾಮೋದರ, ರೂಪನಾರಾಯಣ ನದಿಗಳು ಬಂದು ಸೇರುವ ಕಡೆ ಇರುವ ಮರಳದಿಬ್ಬಕ್ಕೆ ಜೇಮ್ಸ್ ಅಂಡ್ ಮೇರಿ ಎಂದು ಹೆಸರು. 1694ರಲ್ಲಿ ಅಲ್ಲಿ ಮುಳುಗಿದ ಹಡಗಿನ ಹೆಸರದು. ಹೂಳು ಅಂದಿನಿಂದಲೂ ಗೆದ್ದಿದೆ. ಗಂಗೆಯಿಂದ 40,000 ಕ್ಯೂಸೆಕ್ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಹೂಳನ್ನು ತಳ್ಳಲೆಂದು ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಕೆಲಸ ಶುರುಮಾಡಿತು. ಆದರೂ ಹೂಳೆತ್ತುವ ಕೆಲಸ ನಿಂತಿಲ್ಲ, ನಿಲ್ಲುವುದೂ ಇಲ್ಲ ಎಂದೇ ನನ್ನ ಅನಿಸಿಕೆ.

ಇದೇ ಕಷ್ಟದ ಚಿಕ್ಕ ರೂಪ ನಮ್ಮ ಕರಾವಳಿಯಲ್ಲೂ ಇದೆ. ನೇತ್ರಾವತಿ, ಗುರುಪುರ ನದಿಗಳು ಒಟ್ಟಿಗೆ ಕಡಲು ಸೇರುವ ಅಳಿವೆ ಬಾಗಿಲಿನೊಳಗಿದೆ ಮಂಗಳೂರಿನ ಹಳೆ ಬಂದರು. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೆ, ಮೀನುಗಾರಿಕೆ ದೋಣಿಗಳಿಗೆ ಅದು ಸಾಕು. ದೊಡ್ಡ ಹಡಗಿಗೆ ಅಳಿವೆಯ ಮರಳು ಬಿಡುವುದಿಲ್ಲ. ಅದಕ್ಕೇ 1974ರಲ್ಲಿ ಪಣಂಬೂರಿನಲ್ಲಿ ನದಿಯ ಗೊಡವೆ ಬೇಡವೆಂದು ದಡವನ್ನೇ ಅಗೆದು ನವಮಂಗಳೂರು ಬಂದರು ಮಾಡಿದ್ದು. ಅಳಿವೆಯಲ್ಲಿ ಅತಿ ಅಪಾಯದ ಹೊತ್ತು ಇಳಿತ: ಹೊರಗೆ ಹರಿಯುವ ನದಿಯ ನೀರು ಒಳಗೆ ಬರುವ ಅಲೆಗೆ ಎದುರಾದಾಗ ಅಲೆಗಳ ನಡುವಿನ ಅಂತರ ಕುಗ್ಗಿ, ಅಲೆ ಕಡಿದಾಗಿ, ದಿಬ್ಬದ ಮೇಲೆ ಒಡೆಯುತ್ತದೆ. ಮಳೆಗಾಲದ ನೆರೆ ಇದ್ದರೆ ಇನ್ನೂ ಕೆಟ್ಟದ್ದು. ಒಳಬರುವ ದೋಣಿ ನೀರು ಏರುವವರೆಗೆ ಹೊರಗೆ ಕಾಯುವುದೇ ಮೇಲು. ಹಿಂದಿನಿಂದ ಬಂದ ಅಲೆ ಹಿಂಭಾಗವನ್ನು ಎತ್ತಿತೆಂದರೆ ಚುಕ್ಕಾಣಿ ನೀರು ಬಿಡುತ್ತದೆ, ದೋಣಿ ಅಡ್ಡ ತಿರುಗಿ ಮಗುಚುತ್ತದೆ.

ಎಂಜಿನ್ ರೂಮಿನವರಿಗೆ ನದಿ ಎಂದರೆ ಕೆಸರು. ಕಡಲ ನೀರಿನಿಂದ ಕುಡಿಯುವ ನೀರು ಮಾಡುವ ಯಂತ್ರವನ್ನು ದಡಕ್ಕೆ 20 ಮೈಲಿ ಇರುವಾಗಲೇ ನಿಲ್ಲಿಸಬೇಕು, ಅದು ಕಡಿಮೆ ಉಷ್ಣತೆಯಲ್ಲಿ ಕುದಿಸುವುದರಿಂದ ನದಿಯ ರೋಗಾಣು ಸಾಯುವುದಿಲ್ಲ. ತಂಪಿಗೆ ನೀರು ಎಳೆಯುವ ಬಾಯಿಯನ್ನು ತಳದ್ದರಿಂದ ಪಕ್ಕದ ಎತ್ತರದ್ದಕ್ಕೆ ಬದಲಿಸಬೇಕು. ಇದನ್ನು ಮರೆತರೆ ಸ್ಟ್ರೇನರ್‌ಗಳು (ನೀರು ಸೋಸುವ ಜಾಲರಿಗಳು) ಹೂಳಿನಿಂದ ಕಟ್ಟಿ, ಪಂಪಿನ ಒತ್ತಡ ಬಿದ್ದು, ಎಂಜಿನ್ ಬಿಸಿಯಾಗುತ್ತದೆ, ಅದೂ ಸರಿಯಾಗಿ ತಿರುವಿನಲ್ಲಿ. ಎರಡು ಸ್ಟ್ರೇನರ್‌ಗಳಲ್ಲಿ ಒಂದನ್ನು ತೊಳೆದು ಸಿದ್ಧವಾಗಿಟ್ಟುಕೊಂಡು ಒಂದಾದ ಮೇಲೊಂದು ಬದಲಿಸುತ್ತಿರಬೇಕು. ಚುಕ್ಕಾಣಿಯ ಎರಡೂ ಮೋಟಾರ್ ಓಡುತ್ತಿರಬೇಕು, ಮೂತಿಯಲ್ಲಿ ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ) ಲಂಗರು ಬಿಡಲು ನಿಂತಿರಬೇಕು.

ಲಂಗರಿನಲ್ಲಿ ಬಹಳ ದಿನ ನಿಂತರೆ ಅದನ್ನು ಆಗಾಗ ಎತ್ತಿ ನೋಡಿ ಮತ್ತೆ ಹಾಕಬೇಕು. ಪ್ರವಾಹ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುವುದರಿಂದ ಸರಪಳಿ ಲಂಗರಿಗೆ ಸುತ್ತಿಕೊಂಡಿರಬಹುದು, ಇಲ್ಲವೇ ಎರಡರ ಮೇಲೂ ಹೂಳು ಕೂತು ಲಂಗರು ಎತ್ತುವ ಯಂತ್ರ ವಿಂಡ್‌ಲಾಸ್‌ಗೆ ಎತ್ತಲಾಗದ ಸ್ಥಿತಿ ಬಂದಿರಬಹುದು. ನದಿಯಲ್ಲಿ ತುಂಬಿಕೊಂಡ ಬ್ಯಾಲಾಸ್ಟ್ ನೀರಿನ ಮಣ್ಣು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ನೀರು ಖಾಲಿ ಮಾಡಿದರೂ ಅದು ಹೋಗುವುದಿಲ್ಲ, ಕೆಲವು ಪ್ರಯಾಣಗಳಾದ ಮೇಲೆ ನೂರಾರು ಟನ್ ಆಗುತ್ತದೆ. ಡ್ರಾಫ್ಟ್ ಲೆಕ್ಕ ಮಾಡುವಾಗ ಹಡಗಿನ ತೂಕದಲ್ಲಿ ವಿವರಣೆಗೆ ಸಿಗದ ಟನ್‌ಗಳು ಉಳಿದರೆ ಮೊದಲು ಬಿಚ್ಚಿ ನೋಡಬೇಕಾದದ್ದು ಆ ಟ್ಯಾಂಕುಗಳ ಮುಚ್ಚಳವನ್ನು.