ಓದುಗರ ಪ್ರಶ್ನೆ: ಚಿತ್ರಕಲೆ ಗೊತ್ತಿಲ್ಲದವರು ಆರ್ಟ್ ಮ್ಯೂಸಿಯಂಗೆ ಹೋಗಿ ನೋಡುವುದೇನು?

ಪ್ರಶ್ನೆ: ನಾವು ಉಡುಪಿಯವರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾವು ಹೋದಾಗಲೆಲ್ಲ ಆಧುನಿಕ ಕಲೆಯ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ನನಗಾಗಲಿ ನಮ್ಮ ಯಜಮಾನರಿಗಾಗಲಿ ಚಿತ್ರಕಲೆಯ ಗಂಧಗಾಳಿಯಿಲ್ಲ. ಅರ್ಥ ತಿಳಿಯದೆ ಸುಮ್ಮನೆ ಸುತ್ತಿ ಬರುವುದಕ್ಕಿಂತ ಹೋಗದಿರುವುದೇ ಮೇಲಲ್ಲವೇ? ಹೋಗುವುದಾದರೆ ಮೊದಲು ಏನಾದರೂ ಓದಿಕೊಳ್ಳಬೇಕೇ?

ಉತ್ತರ: ಹೋಗಿ ಬನ್ನಿ. ಏನನ್ನೂ ಓದಿಕೊಳ್ಳದೆ ಹೋಗಿ.

ಇದೇ ಉತ್ತರವನ್ನು ಮದುವೆ ಊಟದ ಪಂಕ್ತಿಯಲ್ಲಿ, ಸರ್ವಿಸ್ ಬಸ್ ನಿಲ್ದಾಣದಲ್ಲಿ, ಪೋಷಕರ ಸಭೆ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಕೇಳಿದವರು ತಲೆಯಾಡಿಸುತ್ತಾರೆ. ಮುಂದಿನ ವರ್ಷ ಮತ್ತೆ ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಕಾದವರು ತೆಗೆದಿಟ್ಟುಕೊಳ್ಳಿ.

ಮೊದಲು ಪ್ರಯಾಣದ ಮಾತು. ಬೆಂಗಳೂರಿನಲ್ಲಿ ನಿಮ್ಮ ಮಗಳು ಹೇಳುತ್ತಿರುವುದು ಬಹುಶಃ ಎರಡರಲ್ಲಿ ಒಂದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಇಲ್ಲವೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ, ‘ಮ್ಯಾಪ್’ ಎಂದು ಕರೆಯುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಎರಡಕ್ಕೂ ಸೋಮವಾರ ರಜೆ. ನಮ್ಮೂರಿನವರು ಭಾನುವಾರ ರಾತ್ರಿ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಮುಚ್ಚಿದ ಗೇಟು ನೋಡಿ ಬರುತ್ತಾರೆ. ದಿನ ನೋಡಿಕೊಂಡು ಹೊರಡಿ. ಒಳಗೆ ಒಂದೂವರೆ ಗಂಟೆಗಿಂತ ಹೆಚ್ಚು ಇರಬೇಡಿ, ಕಣ್ಣು ಅದಕ್ಕೂ ಮೊದಲೇ ದಣಿಯುತ್ತದೆ. ಎಲ್ಲ ಕೋಣೆಗಳನ್ನೂ ನೋಡಿ ಮುಗಿಸಬೇಕೆಂಬ ಹರಕೆಯೇನೂ ಇಲ್ಲ. ಕಾಲು ತಾನಾಗಿ ನಿಲ್ಲುವ ಮೂರು ನಾಲ್ಕು ಕೃತಿಗಳ ಮುಂದೆ ನಿಂತರೆ ಹೋದದ್ದು ಸಾರ್ಥಕ.

ಈಗ ‘ಅರ್ಥ ತಿಳಿಯದೆ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ತೊಂದರೆಯೆಲ್ಲ ಇರುವುದು ಅಲ್ಲಿಯೇ.

ಪ್ರತಿಯೊಂದು ಕೃತಿಯೊಳಗೂ ಸರಿಯಾದ ಅರ್ಥವೊಂದಿದೆ, ಕಲಾವಿದ ಅದನ್ನು ಬಚ್ಚಿಟ್ಟಿದ್ದಾನೆ, ಕಲಿತವರ ಕಣ್ಣಿಗೆ ಅದು ಬೀಳುತ್ತದೆ, ಕಲಿಯದವರ ಕಣ್ಣಿಗೆ ಬೀಳುವುದಿಲ್ಲ ಎಂದು ನಾವು ನಂಬಿಕೊಂಡಿದ್ದೇವೆ. ಈ ನಂಬಿಕೆ ಸುಳ್ಳು. ಡಾಕ್ಟರರು, ವಕೀಲರು, ಕಾಲೇಜಿನಲ್ಲಿ ಪಾಠ ಹೇಳುವವರು ಕೂಡ ಇದನ್ನು ಹೊತ್ತುಕೊಂಡೇ ಗ್ಯಾಲರಿಯ ಬಾಗಿಲಿಗೆ ಬರುತ್ತಾರೆ, ಐದು ನಿಮಿಷದಲ್ಲಿ ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋಗುತ್ತಾರೆ. ಅವರಿಗೆ ಕಲೆ ಕಷ್ಟವಾಗಿರುವುದಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೊಳೆಯದೆ ಕಂಗೆಟ್ಟಿರುತ್ತಾರೆ.

ಇದನ್ನು ನಮಗೆ ಕಲಿಸಿದ್ದು ಶಾಲೆ. ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭಸಹಿತ ಸ್ವಾರಸ್ಯ ವಿವರಿಸಿ’ ಎಂದು ಬರುತ್ತಿತ್ತಲ್ಲ, ಮೂರು ಅಂಕಕ್ಕೆ? ಸ್ವಾರಸ್ಯ ಇಂಥದ್ದೇ ಎಂದು ಗೈಡಿನಲ್ಲಿ ಅಚ್ಚಾಗಿರುತ್ತಿತ್ತು. ಹತ್ತು ವರ್ಷ ಹಾಗೆ ಬರೆದವರಿಗೆ, ಎದುರಿಗೆ ಏನಿಟ್ಟರೂ ಅದರ ಉತ್ತರಪತ್ರಿಕೆ ಎಲ್ಲೋ ಒಂದು ಕಡೆ ಇದ್ದೇ ಇದೆ ಎಂದು ಅನಿಸುವುದು ಸಹಜ. ಕೆಲವು ಕಲಾಬರಹಗಾರರೂ ಇದಕ್ಕೆ ಹೊಣೆ. ಗೋಡೆಗೆ ಅಂಟಿಸಿದ ಅವರ ಟಿಪ್ಪಣಿಗಳಲ್ಲಿ ಒಂದು ವಾಕ್ಯ ಮುಗಿಯುವುದರೊಳಗೆ ಅದರ ಆರಂಭ ಮರೆತುಹೋಗಿರುತ್ತದೆ. ಓದಿದವರು ತಮಗೇ ಬುದ್ಧಿ ಕಡಿಮೆ ಎಂದುಕೊಳ್ಳುತ್ತಾರೆ. ಅದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಒಂದು ಕೃತಿಯನ್ನೇ ತೆಗೆದುಕೊಂಡು ನೋಡೋಣ. ಮಾಡಿದವರು ನಿಮ್ಮ ಜಿಲ್ಲೆಯವರೇ. ಎಲ್. ಎನ್. ತಲ್ಲೂರ್ ಹುಟ್ಟಿದ್ದು 1971ರಲ್ಲಿ, ಕುಂದಾಪುರದ ಪಕ್ಕದ ಕೋಟೇಶ್ವರದಲ್ಲಿ. ಅವರ ‘ಯೂನಿಕೋಡ್’ ಎಂಬ ಶಿಲ್ಪ 2011ರದ್ದು. ನಟರಾಜನ ವಿಗ್ರಹದ ಸುತ್ತ ಜ್ವಾಲೆಗಳ ಕಂಚಿನ ಪ್ರಭಾವಳಿ ಇರುತ್ತದಲ್ಲ, ಇಲ್ಲಿಯೂ ಅದು ಇದೆ. ನಟರಾಜ ಮಾತ್ರ ಕಾಣುವುದಿಲ್ಲ. ಅವನಿರಬೇಕಾದ ಜಾಗದಲ್ಲಿ ಕಾಂಕ್ರೀಟಿನ ದೊಡ್ಡದೊಂದು ಗುಂಡು, ಆ ಕಾಂಕ್ರೀಟಿನಲ್ಲಿ ಹೂತುಕೊಂಡ ನಾಣ್ಯಗಳು.

ಇದರ ಮುಂದೆ ನಿಂತು ‘ಅರ್ಥವೇನು’ ಎಂದು ಕೇಳಿದರೆ ತಲೆ ಖಾಲಿಯಾಗುತ್ತದೆ. ಬದಲಿಗೆ ‘ಇಲ್ಲಿ ಏನೇನಿದೆ’ ಎಂದು ಕೇಳಿ. ಕಂಚು ಇದೆ. ಸಾವಿರ ವರ್ಷದಿಂದ ದೇವರ ಮೂರ್ತಿ ಎರಕ ಹೊಯ್ಯುವ ಲೋಹ ಅದು. ಕಾಂಕ್ರೀಟು ಇದೆ. ಹೆದ್ದಾರಿಯ ಬದಿಯಲ್ಲಿ, ನಿಮ್ಮ ಮನೆಯ ತಾರಸಿಯಲ್ಲಿ ದಿನವೂ ಕಾಣುವ ವಸ್ತು. ನಾಣ್ಯಗಳಿವೆ. ಕಾಣಿಕೆ ಡಬ್ಬಿಗೆ ಹಾಕುವುದೂ ನಾಣ್ಯ, ಅಂಗಡಿಯಲ್ಲಿ ಚಿಲ್ಲರೆಗೆ ಕೊಡುವುದೂ ನಾಣ್ಯ. ಇನ್ನು, ಏನಿಲ್ಲ? ಕುಣಿಯುವ ಕಾಲಿಲ್ಲ, ಎತ್ತಿದ ಕೈಯಿಲ್ಲ, ಮುಖವಿಲ್ಲ. ಪ್ರಭಾವಳಿ ಕಂಡ ಕೂಡಲೇ ಅದರ ನಡುವೆ ದೇವರಿರಬೇಕು ಎಂದು ನಿಮ್ಮ ಕಣ್ಣಿಗೆ ಗೊತ್ತಾಗಿ ಹುಡುಕತೊಡಗುತ್ತದೆ. ಆ ಹುಡುಕಾಟ ಈ ಕೃತಿಯ ಅರ್ಧ ಭಾಗ. ಅದು ನಡೆಯುವುದು ನಿಮ್ಮೊಳಗೆ, ಮತ್ತು ಅದಕ್ಕೆ ಬೇಕಾದ ತಿಳಿವಳಿಕೆ ಕಲಾಶಾಲೆಯಿಂದ ಬಂದದ್ದಲ್ಲ, ದೇವಸ್ಥಾನದ ಪ್ರದಕ್ಷಿಣೆಯಿಂದ ಬಂದದ್ದು. ನಟರಾಜನನ್ನು ಕಂಡರಿಯದ ವಿದೇಶಿ ಕಲಾಪಂಡಿತನಿಗಿಂತ ರಥಬೀದಿಯಲ್ಲಿ ಓಡಾಡುವ ನೀವು ಇಲ್ಲಿ ಮುಂದಿದ್ದೀರಿ.

ದೇವರ ಜಾಗಕ್ಕೆ ದುಡ್ಡು ಬಂತು ಎಂದು ಒಬ್ಬರು ಹೇಳಬಹುದು. ಭಕ್ತರು ಕೊಟ್ಟ ಕಾಣಿಕೆಯೇ ಗಟ್ಟಿಯಾಗಿ ದೇವರಾಯಿತು ಎಂದು ಇನ್ನೊಬ್ಬರಿಗೆ ಅನಿಸಬಹುದು. ಆ ಗುಂಡು ಭೂಮಿಯೋ, ಬ್ರಹ್ಮಾಂಡವೋ ಎಂದು ಮತ್ತೊಬ್ಬರು ನಿಂತು ಯೋಚಿಸಬಹುದು. ಮೂರೂ ಆ ಕಂಚು, ಕಾಂಕ್ರೀಟು, ನಾಣ್ಯದಿಂದ ಹುಟ್ಟಿದ ಮಾತುಗಳು. ಮೂರಕ್ಕೂ ನೆಲೆಯಿದೆ.

ಹಾಗಾದರೆ ಬಾಯಿಗೆ ಬಂದದ್ದೆಲ್ಲ ಸರಿಯೇ ಎಂದು ಇಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅಲ್ಲ. ಎದುರಿಗಿರುವುದನ್ನು ಬೆರಳು ಮಾಡಿ ತೋರಿಸಿ ಹೇಳಲು ಸಾಧ್ಯವಾಗುವ ಮಾತು ಸರಿ. ಕೃತಿಯನ್ನು ನೋಡದೆಯೂ ಹೇಳಬಹುದಾದ ಮಾತು ವ್ಯರ್ಥ. ‘ಇದು ಇಂದಿನ ಸಮಾಜದ ಸ್ಥಿತಿಯನ್ನು ಬಿಂಬಿಸುತ್ತದೆ’ ಎಂದು ಯಾವ ಕೃತಿಯ ಮುಂದೆ ನಿಂತು ಬೇಕಾದರೂ ಹೇಳಬಹುದು, ಕಣ್ಣು ಮುಚ್ಚಿಕೊಂಡೇ ಹೇಳಬಹುದು. ನನ್ನ ವಿದ್ಯಾರ್ಥಿಗಳು ಆ ವಾಕ್ಯವನ್ನು ಬರೆದು ತಂದರೆ ಹಾಗೆಯೇ ವಾಪಸು ಕೊಡುತ್ತೇನೆ. ಎರಡನೆಯ ಸಲ ಅವರು ಬಣ್ಣದ ಬಗ್ಗೆ, ಗಾತ್ರದ ಬಗ್ಗೆ, ನೆರಳು ಎಲ್ಲಿ ಬಿದ್ದಿದೆ ಎಂಬುದರ ಬಗ್ಗೆ ಬರೆದು ತರುತ್ತಾರೆ. ಆ ಪುಟಗಳನ್ನು ಓದುವುದು ನನಗೆ ಹೆಮ್ಮೆಯ ಕೆಲಸ.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಎಂಬ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ. 2009ರ ಕೃತಿ. ಮನುಷ್ಯರ ತಲೆಗೂದಲನ್ನು ಹೊಸೆದು ಮಾಡಿದ ಹಗ್ಗ, ಕಿಲೋಮೀಟರುಗಟ್ಟಲೆ ಉದ್ದದ್ದು. ಆ ಹಗ್ಗಗಳಲ್ಲಿ ನೇತಾಡುವ ಕಾರಿನ ಉಕ್ಕಿನ ಬಂಪರುಗಳು. ಅಲ್ಲಿನ ಪ್ರೇಕ್ಷಕರಿಗೆ ಕೂದಲಿಗೂ ಬಂಪರಿಗೂ ಏನು ಸಂಬಂಧ ಎಂದು ಫಲಕ ಓದಿ ತಿಳಿಯಬೇಕು. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲಿನ ಹುರಿ ಕಟ್ಟುವುದನ್ನು, ಹರಕೆ ಹೊತ್ತು ಮುಡಿ ಕೊಡುವುದನ್ನು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಅಷ್ಟು ಭಾರದ ಉಕ್ಕನ್ನು ಅಷ್ಟು ನವಿರಾದ ಕೂದಲು ಹಿಡಿದು ನಿಂತಿದೆ ಎಂಬುದನ್ನು ನೋಡಿ, ಅಷ್ಟು ಸಾಕು.

ಬಚ್ಚಿಟ್ಟ ಅರ್ಥವೊಂದು ಇದ್ದೇ ತೀರಬೇಕು ಎನ್ನುವವರು ವಿ. ಎಸ್. ಗಾಯ್ತೊಂಡೆಯವರನ್ನು ಏನು ಮಾಡುತ್ತಾರೋ ತಿಳಿಯದು. 2001ರಲ್ಲಿ ತೀರಿಕೊಂಡ ಈ ದೊಡ್ಡ ಕಲಾವಿದರು ತಮ್ಮ ಪ್ರೌಢ ಕೃತಿಗಳಲ್ಲಿ ಹೆಚ್ಚಿನವಕ್ಕೆ ಹೆಸರನ್ನೇ ಇಡಲಿಲ್ಲ. ರೋಲರ್ ಮತ್ತು ಬಣ್ಣದ ಚಾಕುವಿನಿಂದ ಪದರದ ಮೇಲೆ ಪದರ ಬಣ್ಣ ಹಚ್ಚಿದರು, ಅಲ್ಲಲ್ಲಿ ತೆಗೆದರು. ಚಿತ್ರದ ಒಳಗಿನಿಂದಲೇ ಬೆಳಕು ಬರುತ್ತಿದೆಯೇನೋ ಎನ್ನುವಂತೆ ಬಣ್ಣ ತೇಲುತ್ತದೆ. ಮೇಲಿನ ಪದರದ ಅಡಿಯಲ್ಲಿ ಇನ್ನೊಂದು ಬಣ್ಣ ಇಣುಕುವುದನ್ನು ಹತ್ತಿರ ಹೋಗಿ ನೋಡಬೇಕು, ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು.

ಇಷ್ಟಕ್ಕೂ ನಿಮಗೆ ನೋಡಲು ಬರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗದವರು ನಮ್ಮಲ್ಲಿ ಕಡಿಮೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಗೋಡೆ, ಛಾವಣಿ ತುಂಬ ಚಿತ್ರ ಬರೆದರು. ಆ ಸಂತರ ಕಥೆ ಗೊತ್ತಿಲ್ಲದ ಅದೆಷ್ಟೋ ಜನ ಅಲ್ಲಿ ಕುತ್ತಿಗೆ ನೋಯುವವರೆಗೆ ತಲೆಯೆತ್ತಿ ನೋಡುತ್ತಾರೆ. ಅರ್ಥವಾಗಲಿಲ್ಲ ಎಂದು ಅಲ್ಲಿಂದ ಯಾರೂ ನಾಚಿಕೆಪಟ್ಟು ಹೊರಬರುವುದಿಲ್ಲ. ಇದನ್ನು ಒಬ್ಬ ಮನುಷ್ಯ ಹೇಗೆ ಬರೆದ, ಅಷ್ಟು ಎತ್ತರದಲ್ಲಿ ಹೇಗೆ ಮಲಗಿದ್ದ, ನಿಂತಿದ್ದ ಎಂದು ಮಾತನಾಡಿಕೊಂಡು ಬರುತ್ತಾರೆ. ಆ ಮಾತುಗಳನ್ನೇ ಬೆಂಗಳೂರಿಗೂ ಕೊಂಡುಹೋಗಿ.

ಅದಕ್ಕೂ ಮೊದಲು ಅಭ್ಯಾಸ ಬೇಕೆಂದರೆ ಮಣಿಪಾಲದಲ್ಲಿ ಕೆ. ಕೆ. ಹೆಬ್ಬಾರರ ಹೆಸರಿನ ಗ್ಯಾಲರಿ ಇದೆ. 1911ರಲ್ಲಿ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು ಅವರು. ಲಯ ಮೈಗೂಡಲೆಂದು ಕಥಕ್ ನೃತ್ಯ ಕಲಿತವರು. ಅವರ ರೇಖಾಚಿತ್ರದ ಮುಂದೆ ನಿಂತು ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ದಪ್ಪವಾಯಿತು, ಲೇಖನಿ ಎಲ್ಲಿ ಮೇಲೆದ್ದಿತು ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಹಾಗೆ ನೋಡಿದ ಮೇಲೆ ‘ಇದನ್ನು ನಮ್ಮ ಮಗುವೂ ಗೀಚುತ್ತದೆ’ ಎಂಬ ಮಾತು ತಾನಾಗಿ ನಿಂತುಹೋಗುತ್ತದೆ, ಅದಕ್ಕೆ ಬೇರೆ ಉತ್ತರ ಬರೆಯುವ ಅಗತ್ಯ ನನಗೆ ಕಂಡಿಲ್ಲ.

ಫಲಕ ಓದುವುದು ಬೇಡವೇ? ಓದಿ, ನೋಡಿದ ಮೇಲೆ ಓದಿ. ಹೆಸರು, ವರ್ಷ, ಅಳತೆಗಳ ಜೊತೆಗೆ ಯಾವ ವಸ್ತುವಿನಿಂದ ಮಾಡಿದ್ದು ಎಂಬ ಸಾಲಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ ಸಾಲು.

ಮುಟ್ಟಬೇಡಿ ಎಂದು ನಾನು ಹೇಳಬೇಕಾಗಿಲ್ಲ, ಕಾವಲಿನವರು ಹೇಳುತ್ತಾರೆ. ಕೆಲವು ಕೃತಿಗಳು ಇದಕ್ಕೆ ಹೊರತು. ತಲ್ಲೂರರದೇ ‘ಕ್ರೊಮಾಟೊಫೋಬಿಯಾ’ದಲ್ಲಿ ನೋಡಲು ಬಂದವರು ಸುತ್ತಿಗೆ ಹಿಡಿದು ಮರದ ದಿಮ್ಮಿಗೆ ನಾಣ್ಯ ಹೊಡೆಯಬೇಕಿತ್ತು. ಉಳಿದ ಕಡೆ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕಾದದ್ದು ಬೆರಳಿನ ಬೆವರು ಮತ್ತು ಎಣ್ಣೆಯಂಶದ ದೆಸೆಯಿಂದ. ಲೋಹದ ಮೇಲೆ ಬಿದ್ದ ಬೆರಳಚ್ಚು ಕಾಲ ಹೋದಂತೆ ಕೊರೆದ ಗುರುತಾಗಿ ಉಳಿದುಬಿಡುತ್ತದೆ.

ಕೋಣೆ ಅಷ್ಟೊಂದು ಮಂಕಾಗಿರುವುದೇಕೆ, ಅಷ್ಟು ತಣ್ಣಗಿರುವುದೇಕೆ ಎಂದು ನೀವು ಕೇಳಿಲ್ಲ. ಆದರೆ ಕರಾವಳಿಯವರು ತಿಳಿದುಕೊಳ್ಳಲೇಬೇಕಾದ ವಿಷಯ ಇದು. ಕಾಗದ, ಬಟ್ಟೆ, ಜಲವರ್ಣದ ಕೃತಿಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ (ಲಕ್ಸ್ ಎಂದರೆ ಬೀಳುವ ಬೆಳಕನ್ನು ಅಳೆಯುವ ಮಾನ). ತೈಲವರ್ಣಕ್ಕೆ ಸುಮಾರು 200. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಬೆಳಕಿಗೆ ಮಾಸಿದ ಬಣ್ಣವನ್ನು ಮರಳಿ ತರಲು ಯಾರಿಂದಲೂ ಆಗದು. ಇನ್ನು ತೇವ, ಕೋಣೆ ತಣ್ಣಗಿರುವುದಕ್ಕೂ ಇದಕ್ಕೂ ನಂಟಿದೆ. ಗಾಳಿಯ ಆರ್ದ್ರತೆಯನ್ನು ಶೇಕಡಾ 50ರ ಆಸುಪಾಸಿನಲ್ಲಿ ಹಿಡಿದಿಡಲು ಮ್ಯೂಸಿಯಂಗಳು ಹೆಣಗುತ್ತವೆ. ಅದು ಶೇಕಡಾ 70 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ. ಆಷಾಢದಲ್ಲಿ ಮಂಗಳೂರು, ಉಡುಪಿಯ ಗಾಳಿ ಎಷ್ಟೋ ದಿನ ಶೇಕಡಾ 90ರ ಹತ್ತಿರ ಇರುತ್ತದೆ.

ಇದರಿಂದ ನಿಮ್ಮ ಮನೆಯ ಚಿತ್ರಗಳ ಮಾತಿಗೂ ಬರಬೇಕಾಗುತ್ತದೆ. ರವಿವರ್ಮನ ಮುದ್ರಣಾಲಯ 1894ರಲ್ಲಿ ಶುರುವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಅಚ್ಚುಚಿತ್ರಗಳು ಮನೆಮನೆಗೂ ಬಂದವು. ನಮ್ಮ ಹಳೆಯ ಮನೆಗಳಲ್ಲಿ ಅಂಥವು ಇನ್ನೂ ಇವೆ, ಗಾಜಿನ ಒಳಗೆ ಕಂದು ಚುಕ್ಕಿ ಎದ್ದು ಹಾಳಾಗುತ್ತಿವೆ. ಮಳೆ ಬಡಿಯುವ ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೂ ಬಾಟಲಿಯ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಚಿತ್ರ ನೇರ ಗಾಜಿಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಕೊಡಲು ಕಟ್ಟು ಹಾಕುವವರಿಗೆ ಹೇಳಿ. ಬೂಷ್ಟು ಬಂದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಬಿಸಿಲಿಗೂ ಒಡ್ಡಬೇಡಿ. ಮಳೆ ನಿಂತು ಗಾಳಿ ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯ ನೆರಳಿನಲ್ಲಿ ಮೃದುವಾದ ಒಣ ಕುಂಚದಿಂದ ಮೆಲ್ಲನೆ ಹೊರಕ್ಕೆ ಸವರಿ. ಬಣ್ಣ ಏಳುತ್ತಿರುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಚಿತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ.