ಕರುಳಿನ ತಡೆಗೋಡೆ ಮತ್ತು ಮಾರ್ಪಡಿಸಿದ ಪ್ರೋಬಯಾಟಿಕ್

ಬೆಂಗಳೂರಿನ ಔಷಧಿ ಅಂಗಡಿಗಳಲ್ಲಿ ಆಂಟಿಬಯಾಟಿಕ್ ಮಾತ್ರೆಗಳ ಜೊತೆಗೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೊಡುವುದನ್ನು ಹಲವರು ಕಂಡಿರುತ್ತೀರಿ. ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ನಿರೂಪಿಸಿದರು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಲ್ಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಅವು ಯಾವ ತಳಿಯವು, ಎಷ್ಟಿವೆ, ದೇಹದಲ್ಲಿ ಏನು ಮಾಡುತ್ತವೆ ಎಂಬುದು ಪರೀಕ್ಷೆಯಿಂದ ಖಚಿತವಾಗಿರುವುದಿಲ್ಲವಾದ್ದರಿಂದ, ಮೊಸರು ಎಷ್ಟೇ ಒಳ್ಳೆಯದಾದರೂ ಅದನ್ನು ಈ ಅರ್ಥದಲ್ಲಿ ಪ್ರೋಬಯಾಟಿಕ್ ಎನ್ನಲಾಗದು.

ಕರುಳಿನ ತಡೆಗೋಡೆ ಎಂದರೆ ನೀರು ಮತ್ತು ಪೋಷಕಾಂಶಗಳನ್ನು ಒಳಗೆ ಬಿಟ್ಟುಕೊಂಡು, ಬ್ಯಾಕ್ಟೀರಿಯಾ ಮತ್ತು ನಂಜಿನ ಅಂಶಗಳನ್ನು ಹೊರಗೇ ತಡೆಯುವ ವ್ಯವಸ್ಥೆ. ಇಷ್ಟು ದೊಡ್ಡ ಹೊಣೆ ಹೊತ್ತಿರುವುದು ಒಂದೇ ಜೀವಕೋಶದಷ್ಟು ದಪ್ಪದ ಪದರ! ಅದರ ಬಹುಪಾಲು ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಸತ್ತು ಹೊಸದಾಗುತ್ತವೆ. ಅಕ್ಕಪಕ್ಕದ ಕೋಶಗಳ ನಡುವಿನ ಸಂದನ್ನು ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೋಟೀನುಗಳು ಹೊಲಿಗೆಯಂತೆ ಬಿಗಿಯುತ್ತವೆ. ಗಾಬ್ಲೆಟ್ ಕೋಶಗಳು ಸ್ರವಿಸುವ ಲೋಳೆ ಇದೆಲ್ಲದರ ಮೇಲೆ ಹರಡಿಕೊಂಡಿರುತ್ತದೆ. ಕರುಳಿನಲ್ಲಿ ದೀರ್ಘಕಾಲ ಉರಿಯೂತ ಕಾಡುವ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆಗಳಲ್ಲಿ ಈ ಬಿಗಿ ಸಡಿಲಗೊಂಡು ಬ್ಯಾಕ್ಟೀರಿಯಾ ಅಂಗಾಂಶವನ್ನು ತಲುಪುತ್ತವೆ, ಅದರಿಂದ ಉರಿಯೂತ ಹೆಚ್ಚುತ್ತದೆ, ಉರಿಯೂತವು ಬಿಗಿಯನ್ನು ಇನ್ನಷ್ಟು ಸಡಿಲಿಸುತ್ತದೆ.

ಈ ಸುಳಿಯನ್ನು ಮುರಿಯಲು, ಹಾನಿಯಾದ ಜಾಗದಲ್ಲಿಯೇ ಮದ್ದು ತಯಾರಿಸುವಂತೆ ಬ್ಯಾಕ್ಟೀರಿಯಾದ ಜೀನುಗಳನ್ನು ಮಾರ್ಪಡಿಸುವುದು ವಿಜ್ಞಾನಿಗಳು ಹಿಡಿದಿರುವ ಒಂದು ದಾರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಆಲ್ಫ್ರೆಡ್ ನಿಸ್ಲೆ, ಸುತ್ತಲಿನವರಿಗೆ ಆಮಶಂಕೆ ತಗುಲಿದರೂ ತಾನು ಆರೋಗ್ಯವಾಗಿದ್ದ ಸೈನಿಕನೊಬ್ಬನ ಮಲದಿಂದ ಬೇರ್ಪಡಿಸಿದ ಇ. ಕೋಲೈ ನಿಸ್ಲೆ 1917 ಎಂಬ ಬ್ಯಾಕ್ಟೀರಿಯಾ ತಳಿಯೇ ಇಂತಹ ಹಲವು ಪ್ರಯೋಗಗಳಿಗೆ ಆಧಾರ. ಇ. ಕೋಲೈ ತನ್ನ ಸುತ್ತ ಕರ್ಲಿ ಎಂಬ ಪ್ರೋಟೀನು ನಾರುಗಳನ್ನು ಹೆಣೆದುಕೊಳ್ಳುತ್ತದೆ. ಅಮೆರಿಕದಲ್ಲಿ ನೀಲ್ ಜೋಶಿ ಅವರ ತಂಡವು ಲೋಳೆಪೊರೆಯ ಗಾಯ ಮಾಯಿಸಲು ನಮ್ಮ ಕರುಳೇ ಸ್ರವಿಸುವ ಟ್ರೆಫಾಯಿಲ್ ಪ್ರೋಟೀನನ್ನು ಆ ನಾರಿಗೇ ಜೋಡಿಸಿತು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ರಾಸಾಯನಿಕದಿಂದ ಕೊಲೈಟಿಸ್ ಬರಿಸಿದ ಇಲಿಗಳಿಗೆ ಈ ಬ್ಯಾಕ್ಟೀರಿಯಾ ರಕ್ಷಣೆ ನೀಡಿತು. ಮದ್ದು ಕರುಳಿನ ಹರಿವಿನಲ್ಲಿ ಕೊಚ್ಚಿಹೋಗದೆ ನಾರಿಗೆ ಅಂಟಿಕೊಂಡೇ ಇರುವುದು ಈ ಉಪಾಯದ ಜಾಣ್ಮೆ ಎಂದು ನನಗನ್ನಿಸುತ್ತದೆ.

ಇಲಿಯಲ್ಲಿ ಕಂಡ ಫಲ ಮನುಷ್ಯರಲ್ಲೂ ಸಿಗುತ್ತದೆಂದು ಭಾವಿಸಲಾಗದು; ಮಾರ್ಪಡಿಸಿದ ಜೀವಿ ಮಲದೊಂದಿಗೆ ಹೊರಬಂದು ಪರಿಸರದಲ್ಲಿ ಉಳಿದುಬಿಟ್ಟರೆ ಎಂಬ ಆತಂಕವೂ ನ್ಯಾಯವಾದುದೇ. ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನನ್ನು ಸ್ರವಿಸುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಬೆಲ್ಜಿಯಂನಲ್ಲಿ ರೂಪಿಸಿದವರು ಇದಕ್ಕೊಂದು ಪರಿಹಾರ ಕಂಡುಕೊಂಡರು: ಡಿಎನ್ಎ ಕಟ್ಟಲು ಬೇಕಾಗುವ ಥೈಮಿಡೀನ್ ಎಂಬ ವಸ್ತುವಿನ ತಯಾರಿಗೆ ಬೇಕಾದ ಜೀನನ್ನು ತೆಗೆದು ಅದೇ ಜಾಗದಲ್ಲಿ ಮದ್ದಿನ ಜೀನನ್ನು ಕೂರಿಸಿದ್ದರಿಂದ, ಥೈಮಿಡೀನ್ ಸಿಗದ ಕಡೆ ಆ ಬ್ಯಾಕ್ಟೀರಿಯಾ ಬದುಕಲಾರದು.