ಫೆರೆಟ್ ಸೀನಿದಾಗ

1933ರ ಚಳಿಗಾಲದಲ್ಲಿ ಲಂಡನ್ನಿನ ತುಂಬ ಫ್ಲೂ ಜ್ವರ. ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೈಡ್ಲಾ ಎಂಬ ಮೂವರು ವಿಜ್ಞಾನಿಗಳು, ರೋಗಿಗಳು ಗಂಟಲು ಮುಕ್ಕಳಿಸಿ ಉಗಿದ ನೀರನ್ನು ಬ್ಯಾಕ್ಟೀರಿಯಾ ದಾಟದಷ್ಟು ನವಿರಾಗಿ ಸೋಸಿ ಫೆರೆಟ್ ಎಂಬ ಪುಟ್ಟ ಪ್ರಾಣಿಗಳ ಮೂಗಿಗೆ ಬಿಟ್ಟರು. ಎರಡೇ ದಿನದಲ್ಲಿ ಅವುಗಳ ಮೈ ಸುಡತೊಡಗಿತು, ಮೂಗು ಸೋರಿತು. ಮನುಷ್ಯರ ಫ್ಲೂ ತರುವುದು ವೈರಸ್ ಎಂದು ಖಚಿತವಾದದ್ದು ಹೀಗೆ. ಮುಂದೆ ಕಾಯಿಲೆಬಿದ್ದ ಫೆರೆಟ್ ಒಂದು, ತನ್ನನ್ನು ಪರೀಕ್ಷಿಸುತ್ತಿದ್ದ ವೈದ್ಯರ ಮುಖಕ್ಕೇ ಸೀನಿತು. ಅವರೂ ಜ್ವರ ಬಂದು ಮಲಗಿದರು!

ಫೆರೆಟ್ ನೋಡಲು ಮುಂಗುಸಿಯ ಹಾಗೆ. ಕುಲದಲ್ಲಿ ಮಾತ್ರ ನಮ್ಮ ತುಂಗಭದ್ರೆಯ ನೀರುನಾಯಿಯ ನೆಂಟ. ಫ್ಲೂ ವೈರಸ್ ಅಂಟಿಕೊಳ್ಳುವ ಸಕ್ಕರೆಯ ಅಣುಗಳು ಅದರ ಶ್ವಾಸನಾಳದಲ್ಲೂ ಹೆಚ್ಚುಕಡಿಮೆ ನಮ್ಮಲ್ಲಿರುವಂತೆಯೇ ಇವೆ. ಇಲಿಗಳಿಗೆ ನಮ್ಮ ಫ್ಲೂ ಸುಲಭಕ್ಕೆ ತಗಲುವುದಿಲ್ಲ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ 18 ಮಂದಿಗೆ ತಗಲಿ, 6 ಮಂದಿ ತೀರಿಕೊಂಡರು. ಅದಕ್ಕೆ ಲಸಿಕೆ ಮಾಡಬೇಕೆಂದರೆ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಬೇಕಿತ್ತು. ಆದರೆ ಈ ವೈರಸ್ ಮೊಟ್ಟೆಯೊಳಗಿನ ಭ್ರೂಣವನ್ನೇ ಕೊಂದುಬಿಡುತ್ತದೆ. ಕಾರ್ಖಾನೆಯ ಕೆಲಸಗಾರರಿಗೂ ಅಪಾಯ. ಹಾಗಾಗಿ ವಿಜ್ಞಾನಿಗಳು ಅದರ ಮೇಲ್ಮೈ ಪ್ರೋಟೀನುಗಳ ಎರಡು ಜೀನ್‌ಗಳನ್ನಷ್ಟೇ ತೆಗೆದುಕೊಂಡು, ಮಾರಕವಾದ ತುಣುಕನ್ನು ಕತ್ತರಿಸಿ, ಉಳಿದ ಆರನ್ನು ಪಿಆರ್8 ಎಂಬ ಹಳೆಯ, ಮೊಟ್ಟೆಯಲ್ಲಿ ಸೊಗಸಾಗಿ ಬೆಳೆಯುವ ತಳಿಯಿಂದ ಜೋಡಿಸಿದರು.

ಕಾಗದದ ಮೇಲೆ ವೈರಸ್ ಪಳಗಿತು. ನಿಜಕ್ಕೂ ಪಳಗಿದೆಯೇ? ಈ ಪ್ರಶ್ನೆಗೆ ಉತ್ತರಿಸಬೇಕಾದದ್ದು ಫೆರೆಟ್.

ಮೊದಲು ಅದರ ರಕ್ತ ಪರೀಕ್ಷಿಸಿ, ಹಿಂದೆಂದೂ ಫ್ಲೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅದನ್ನು ನೋಡಿಕೊಳ್ಳುವವರಿಗೆ ನೆಗಡಿಯಾದರೆ ಅದರ ಕೋಣೆಗೆ ಕಾಲಿಡುವಂತಿಲ್ಲ. ಅರಿವಳಿಕೆ ಕೊಟ್ಟು ಮೂಗಿಗೆ ವೈರಸ್ ಹನಿಸಿದ ಮೇಲೆ ತೂಕ, ಜ್ವರ, ಸೀನುಗಳ ಲೆಕ್ಕ ಇಡುತ್ತಾರೆ. ಮೂಗು ತೊಳೆದ ನೀರಿನಲ್ಲಿ ವೈರಸ್ ಎಷ್ಟಿದೆಯೆಂದು ಅಳೆಯುತ್ತಾರೆ. ಮೂಲ ವೈರಸ್ ತಗಲಿದ ಫೆರೆಟ್ ಊಟ ಬಿಟ್ಟು, ಸೊರಗಿ, ಮೂಲೆ ಹಿಡಿಯುತ್ತದೆ. ಪಳಗಿದ ವೈರಸ್ ಪಡೆದದ್ದು ಎಂದಿನಂತೆ ಆಡಿಕೊಂಡಿರುತ್ತದೆ. ಲಸಿಕೆ ತಯಾರಕರ ಕೈಗೆ, ಲಸಿಕೆಗೆ ಬೀಜವಾಗುವ ಆ ಪಳಗಿದ ವೈರಸ್ಸನ್ನು ಕೊಡುವ ಧೈರ್ಯ ಬರುವುದು ಈ ಆಟ ಕಂಡ ಮೇಲೆ.

ಇಲ್ಲಿ ನನ್ನ ಮನಸ್ಸು ಭಾರವಾಗುತ್ತದೆ. ಆಡುತ್ತಿದ್ದ ಫೆರೆಟ್‌ಗಳಲ್ಲೂ ಕೆಲವನ್ನು ಕೊಲ್ಲಲೇಬೇಕು. ವೈರಸ್ ಶ್ವಾಸಕೋಶದ ಆಳಕ್ಕೆ, ಮಿದುಳಿಗೆ ಇಳಿದಿಲ್ಲವೆಂದು ತಿಳಿಯಲು ಅವುಗಳ ಅಂಗಾಂಶವನ್ನೇ ತೆಗೆದು ನೋಡಬೇಕಾಗುತ್ತದೆ.